ಹೇಮಪ್ಪನ ಹೆಸರಿನ ಒಡಪ

ನಾಗವ್ವ,

ಸ್ವರಾಜ್ಯ ಬಂದರೂ ಮಗನ ನೌಕರಿ ಆಫ್ರಿಕಾದ ಮೊಂಬಾಸಾದಲ್ಲೇ, ಅಲ್ಲಿಗೆ ಹೊರಟ ಹಡಗಿನಲ್ಲಿದ್ದೇವೆ. ಇಂದು ಡೆಕ್ಕಿನ ಮೇಲೆ ಊಟಕ್ಕೆ ಕೂತಾಗ ನಮ್ಮ ಕಡೆಯ ಹೆಂಗಸರು ಸೊಸೆ ನೀಲವ್ವನಿಗೆ, ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಹೇಳೆಂದು ಗಂಟುಬಿದ್ದರು.

“ಹಡಗ ಹೊಂಟೈತಿ ನಡುಗಡಲಾಗ, ಗವಿಸಿದ್ದಪ್ಪನವರ ತಲಿ ಐತಿ ಬಕೀಟಿನಾಗ!”

ಸೀ-ಸಿಕ್‌ನೆಸ್ಸಿನಿಂದ ವಾಂತಿ ಮಾಡಿ ಬಿದ್ದಿದ್ದ ಮಗನೂ ನಕ್ಕ.

“ಮಾವಾರ, ಅತ್ತಿಯವರು ನಿಮ್ಮ ಹೆಸರಿಗೆ ಏನ ಒಡಪ ಹೇಳಿದ್ರು?”

ಮದುವೆಯಲ್ಲಿ ನೀನು ಹೇಳುವಾಗ ನಾನು ಕಾಲೇಜಿನ ಗೆಳೆಯರೊಡನೆ ಇಂಗ್ಲಿಷಿನಲ್ಲಿ ಹರಟುತ್ತಿದ್ದೆ, ಕೇಳಲೇ ಇಲ್ಲ. ನಮ್ಮ ಹರಟೆ ಯಾವುದೋ ಪೊಯೆಟ್ರಿಯದಿರಬೇಕು, ಈಗ ಅದರ ಅರ್ಧ ಸಾಲೂ ಬಾರದು.

ನೀಲವ್ವ ಕಾಯುತ್ತಿದ್ದಳು.

“ಬೆಳ್ಳಟ್ಟಿ ಹೊಲದಾಗ ಬಿಳಿಜೋಳದ ತೆನಿ, ಹೇಮಪ್ಪನವರು ಬಂದ್ರ ತುಂಬತೈತಿ ಮನಿ.” ಆ ಗಳಿಗೆಯಲ್ಲಿ ನಾನೇ ಕಟ್ಟಿದ್ದನ್ನು ನಿನ್ನದೆಂದು ಹೇಳಿಬಿಟ್ಟೆ. ಎಲ್ಲರೂ ಮೆಚ್ಚಿದರು.

ನಿನ್ನದು ಬೇರೆಯೇ ಇದ್ದೀತು. ತಿದ್ದಲು ನೀನು ಬದುಕಿಲ್ಲ, ಇನ್ನು ಇವರ ಪಾಲಿಗೆ ಅದೇ ನಿನ್ನ ಮಾತು.