ಮುಂದಿನ ಗಾಡಿಯ ಖಾಲಿ ಜಾಗ

ಭಾವನವರಿಗೆ, ನಿಮ್ಮ ಹೆಂಡತಿಯ ತಮ್ಮ ಮಾಡುವ ನಮಸ್ಕಾರ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ನಿಮಗೆ ಗೊತ್ತು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ. ಆದರೂ ಬರೆಯುತ್ತಿದ್ದೇನೆ. ಮಳೆಗಾಲ ಕಳೆದ ಮೇಲೆ ನಾಳೆ ಮೊದಲ ಸಲ ನಮ್ಮ ಗಾಡಿಗಳು ಹುಲಿಕಲ್ ಘಾಟಿ ಇಳಿಯುತ್ತವೆ, ಮುಂದಿನ ಗಾಡಿಯಲ್ಲಿ ನೀವಿಲ್ಲ. ದುಃಖವಿದೆ. ಅದಕ್ಕಿಂತ ಹೆಚ್ಚು ಸಿಟ್ಟಿದೆ. ನೀವಿದ್ದಾಗ ನಿಮಗೆ ಬೈಯಲು ಅಕ್ಕ ಬಿಡಲಿಲ್ಲ. ಈಗ ಯಾರು ತಡೆಯುತ್ತಾರೆ?

ನಾನು ಮೊದಲ ಸಲ ನಿಮ್ಮ ಜೊತೆ ಹೊರಟ ದಿನ ನೆನಪಿದೆಯೇ? ತೀರ್ಥಹಳ್ಳಿಯ ಮಂಡಿಯಲ್ಲಿ ನನ್ನ ಗಾಡಿಗೆ ಎತ್ತಿನ ಕೊರಳು ಬಗ್ಗುವಷ್ಟು ಅಡಿಕೆ ಮೂಟೆ ಹೇರಿದರು. ಎಲ್ಲರಿಗಿಂತ ಮುಂದೆ ಹೋಗುವ ನಿಮ್ಮ ಗಾಡಿಗೆ ಅರ್ಧ. ಬಾಡಿಗೆ ಮಾತ್ರ ಇಬ್ಬರಿಗೂ ಒಂದೇ. ನಾನು ಸುಮ್ಮನಿರುವ ಆಸಾಮಿಯೇ? ಅಕ್ಕನನ್ನು ಕೊಟ್ಟಿದ್ದಕ್ಕೆ ಇದೇನಾ ಮರ್ಯಾದೆ ಎಂದು ಎಲ್ಲರೆದುರೇ ಕೇಳಿದೆ. ಘಾಟಿ ಇಳಿದ ಮೇಲೆ ಮಾತಾಡು ಎಂದು ನೀವು ನಕ್ಕಿರಿ. ಅರ್ಧ ಘಾಟಿಯಲ್ಲಿ ನನ್ನ ಗಾಡಿಯದೇ ಅಚ್ಚು ಸೀಳಬೇಕೇ! ನನ್ನ ಮೂಟೆಗಳಲ್ಲಿ ಹೆಚ್ಚಿನವನ್ನು ನಿಮ್ಮ ಗಾಡಿಗೆ ಹಾಕಿಸಿಕೊಂಡು, ಉಳಿದವನ್ನು ಒಂದೊಂದಾಗಿ ಹಿಂದಿನ ಗಾಡಿಗಳಿಗೆ ಹಂಚಿದಿರಿ. ಸೀಳಿದ ಅಚ್ಚಿಗೆ ಹಗ್ಗ ಬಿಗಿದು ನನ್ನ ಖಾಲಿ ಗಾಡಿಯನ್ನು ಕುಂಟಿಸಿಕೊಂಡು ಇಳಿಸಿದೆವು. ಆ ಖಾಲಿ ಜಾಗ ನಿಮ್ಮದಲ್ಲ, ದಾರಿಯಲ್ಲಿ ಯಾರ ಗಾಡಿ ಕೈಕೊಡುತ್ತದೋ ಅವನದು ಎಂದು ಆಗ ಗೊತ್ತಾಯಿತು. ಹೇರು ಕಡಿಮೆ ಇದ್ದದ್ದಕ್ಕೇ ಅಲ್ಲವೇ ನೀವು ತಿರುವಿಗೊಮ್ಮೆ ಕೆಳಗೆ ಹಾರಿ, ಎಲ್ಲಿ ಕಲ್ಲು ಜಾರಿದೆ, ಎಲ್ಲಿ ಗುಂಡಿ ಬಿದ್ದಿದೆ ಎಂದು ನೋಡಿ ಹಿಂದಿನವರಿಗೆ ಕೂಗಿ ಹೇಳುತ್ತಿದ್ದದ್ದು? ಇದನ್ನು ನೀವು ಬಾಯಿಬಿಟ್ಟು ಯಾರಿಗೂ ವಿವರಿಸಲಿಲ್ಲ. ಘಾಟಿ ಇಳಿದವನಿಗೆ ತಾನಾಗಿಯೇ ತಿಳಿಯುತ್ತಿತ್ತು. ಇಳಿಯದವನಿಗೆ?

ಆಮೇಲೆ ಮಂಡಿಗೆ ಆ ಹೊಸ ಮೇನೇಜರು ಬಂದರು. ಮೈಸೂರಲ್ಲಿ ವ್ಯಾಪಾರದ ಪಾಠ ಓದಿ ಬಂದವರು. ನಾನು ಅವರನ್ನು ಬೈದಷ್ಟು ಯಾರೂ ಬೈದಿಲ್ಲ, ಆದರೂ ಇದ್ದದ್ದನ್ನು ಹೇಳುತ್ತೇನೆ, ಅವರು ಬಂದ ಮೇಲೆ ಮಂಡಿ ಅಂಗಳದಲ್ಲಿ ಎರಡೆರಡು ದಿನ ಕಾಯುವುದು ತಪ್ಪಿತು. ಯಾರ ಗಾಡಿ ಯಾವಾಗ ಎಂದು ಮೊದಲೇ ಗೊತ್ತು ಮಾಡಿದರು. ಮಂಡಿಯ ನಂಟರಿಗೆ ಮೊದಲು, ಬಡವನಿಗೆ ಕಡೆಗೆ ಎನ್ನುವುದು ನಿಂತಿತು. ಅದೇ ನ್ಯಾಯ ಹಿಡಿದು ಒಂದು ದಿನ ಎಲ್ಲರನ್ನೂ ನಿಲ್ಲಿಸಿ ಕೇಳಿದರಲ್ಲ, ಇನ್ನು ಎಲ್ಲರಿಗೂ ಹೇರಿದಷ್ಟಕ್ಕೆ ಬಾಡಿಗೆ ಅಂದ ಮೇಲೆ ಮುಂದಿನ ಗಾಡಿಗೊಂದು ಬೇರೆ ಕಾನೂನು ಯಾಕೆ, ನೀವೇ ಹೇಳಿ ಎಂದು. ಎಲ್ಲರೂ ನಿಮ್ಮ ಮುಖ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಕಣ್ಣಲ್ಲೇ ತಡೆದಿರಿ. ಆಮೇಲೆ ಹೇಳಿದಿರಿ, "ಆಗ್ಲಿ ಸ್ವಾಮಿ, ತುಂಬ್ಸಿ."

ಆ ದಿನ ದಾರಿಯಲ್ಲಿ ಎತ್ತಿಗೆ ನೀರು ಕುಡಿಸುವ ಹೊತ್ತಿಗೆ ತಡೆಯಲಾಗಲಿಲ್ಲ.

"ಅಲ್ಲ ಭಾವ, ಬಾಯಿ ಇಲ್ವಾ ನಿಮ್ಗೆ?"

"ಎಂತ ಹೇಳ್ಲಿ ಮಾರಾಯ? ತನ್ನ ಬಾಡಿಗೆ ಉಳ್ಸ್ಕೊಳ್ಳೋಕೆ ಕತೆ ಕಟ್ತಾನೆ ಅಂದ್ರೆ?"

ಅಷ್ಟೇ. ಅಷ್ಟು ಮಾನ, ಅಷ್ಟು ಬಿಂಕ! ಹತ್ತು ಜನರ ಜಾಗವನ್ನು ನಿಮ್ಮೊಬ್ಬರದು ಎಂದುಕೊಂಡು ಬಿಟ್ಟುಕೊಟ್ಟಿರಿ. ನಿಮ್ಮದಾಗಿದ್ದರೆ ತಾನೇ ಬಿಟ್ಟುಕೊಡಲು...

ನಮ್ಮ ಜೊತೆಯ ಕರಿಯಪ್ಪನ ಗಾಡಿ ಘಾಟಿಯಲ್ಲಿ ನಿಂತ ದಿನ ನಿಮ್ಮ ಮುಖ ನೋಡಬೇಕಿತ್ತು. ನಾನು ನೋಡಿದೆ. ಅವನ ಎಡಗಡೆಯ ಎತ್ತು ಕಾಲು ಉಳುಕಿಸಿಕೊಂಡು ಮಲಗಿಬಿಟ್ಟಿತು. ಮೂಟೆ ಇಳಿಸೋಣವೆಂದರೆ ಎಲ್ಲ ಗಾಡಿಯೂ ತುಂಬಿವೆ, ನಿಮ್ಮದೂ ತುಂಬಿದೆ. ಕುಂದಾಪುರದಲ್ಲಿ ಅಡಿಕೆ ಒಯ್ಯುವ ದೋಣಿ ಕಾಯುತ್ತಿದೆ. ಕರಿಯಪ್ಪನೇ ಹೋಗಿ ಎಂದ. ಹೋದೆವು. ಅಷ್ಟು ವರ್ಷದಲ್ಲಿ ಒಂದು ಗಾಡಿಯನ್ನು ಹಿಂದೆ ಬಿಟ್ಟು ನಾವು ಘಾಟಿ ಇಳಿದದ್ದು ಅದೇ ಮೊದಲು. ಆಮೇಲೆ ಯಾರು ಯಾರಿಗಾಗಿ ನಿಲ್ಲುತ್ತಾರೆ? ಹೇರಿದಷ್ಟಕ್ಕೂ ದುಡ್ಡು ಎಂದ ಮೇಲೆ ಒಬ್ಬೊಬ್ಬನೂ ಎತ್ತು ಸಾಯುವಷ್ಟು ಹೇರಿದ. ಕರಿಯಪ್ಪ ನಮ್ಮನ್ನು ಬಿಟ್ಟು ಸಾಗರಕ್ಕೆ ಹೋದ, ರೈಲು ಸ್ಟೇಷನ್ನಿಗೆ ಮರದ ದಿಮ್ಮಿ ಸಾಗಿಸುವ ಕೆಲಸಕ್ಕೆ. ಅವನ ಹಿಂದೆ ಇನ್ನೂ ಮೂವರು. ನೀವು ಯಾರನ್ನೂ ಇರು ಎನ್ನಲಿಲ್ಲ. ಆಮೇಲೆ ಮಳೆ ಹಿಡಿಯಿತು, ನಿಮಗೆ ಜ್ವರ ಬಂತು, ಮತ್ತೆ ಏಳಲಿಲ್ಲ...

ದೀಪಾವಳಿ ಕಳೆದ ಮೇಲೆ ಮೇನೇಜರು ನನ್ನನ್ನು ಕರೆಸಿದರು. ಮುಂದಿನ ಗಾಡಿ ಹೊಡೆಯಲು ಒಬ್ಬನೂ ಒಪ್ಪುತ್ತಿಲ್ಲ, ಯಾಕೆ ಎಂದು ಕೇಳಿದರು. ಯಾಕೆ ಎನ್ನುವುದನ್ನು ಅಂಗಳದ ಆಚೆಗೂ ಕೇಳುವ ಹಾಗೆ ಹೇಳಿದೆ. ನನ್ನ ಸೀಳಿದ ಅಚ್ಚು, ಕರಿಯಪ್ಪನ ಎತ್ತು, ಎಲ್ಲ. ಇನ್ನು ಇವರು ಹೊರಗೆ ಹಾಕಿಸುತ್ತಾರೆ ಎಂದುಕೊಂಡೆ. ಅವರು ಕುರ್ಚಿಯಿಂದ ಎದ್ದು ನಿಂತಿದ್ದರು.

"ನಾನು ಕೇಳಿದ್ದೆನಲ್ಲ ಯಜಮಾನರೇ, ಎಲ್ಲರ ಎದುರಿಗೇ ಕೇಳಿದ್ದೆ. ಇದೊಂದು ಮಾತು ಆವತ್ತೇ ನಿಮ್ಮ ಭಾವನವರು ಹೇಳಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ."

ಕೇಳಿದಿರಾ ಭಾವ? ಒಂದು ಮಾತು. ಅವರು ಕೆಣಕಲು ಕೇಳಿರಲಿಲ್ಲ, ಗೊತ್ತಿಲ್ಲದೆ ಕೇಳಿದ್ದರು. ನಾವು ಹತ್ತು ಜನ ಒಂದು ಪ್ರಶ್ನೆಯನ್ನು ಅವಮಾನ ಎಂದುಕೊಂಡೆವು. ಈ ಸಲ ಮುಂದಿನ ಗಾಡಿಗೆ ಅರ್ಧವೇ ಹೇರು, ಬಾಡಿಗೆ ಪೂರ್ತಿ, ಕಾರಣವನ್ನೂ ಮಂಡಿಯ ಕಾನೂನಿನಲ್ಲಿ ಬರೆಸಿದ್ದಾರೆ. ನಿಮ್ಮ ಎತ್ತುಗಳನ್ನೇ ಕಟ್ಟುತ್ತೇನೆ. ಬಾಡಿಗೆಯಲ್ಲಿ ಅರ್ಧ ಅಕ್ಕನಿಗೆ. ಆದರೆ ಹತ್ತು ಗಾಡಿ ಎಲ್ಲಿವೆ? ಉಳಿದಿರುವುದು ಐದು.

ಹೋದವರನ್ನು ಕರೆಯಲು ಸಾಗರಕ್ಕೆ ಹೋಗುತ್ತೇನೆ ಎಂದಾಗ ಅಕ್ಕ, "ನಿನ್ನ ಬಾಯಿ ಇಟ್ಕೊಂಡು ಕರೆಯೋಕೆ ಹೋಗ್ತೀಯಾ? ಇರೋರೂ ಓಡ್ತಾರೆ" ಎಂದು ನಕ್ಕಳು. ನೀವು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹೋದೆ. ಕರಿಯಪ್ಪ ದಿಮ್ಮಿಗಳ ಮಗ್ಗುಲಲ್ಲಿ ಕೂತು ಊಟ ಮಾಡುತ್ತಿದ್ದ. ಮಂಡಿಯ ಹೊಸ ಕಾನೂನು ಹೇಳಿದೆ. ಬಾ ಎಂದೆ. ಜೀವಮಾನದಲ್ಲಿ ಯಾರನ್ನೂ ಹಾಗೆ ಕೇಳಿದವನಲ್ಲ ನಾನು. ಅವನು ಕೈ ತೊಳೆದು ಬಂದು ನನ್ನೆದುರಿಗೆ ನಿಂತ.

"ಕಾನೂನು ಬರ್ಸಿದ್ದು ಒಳ್ಳೇದಾಯ್ತು. ಆದ್ರೆ ಆವತ್ತು ನಾನು ಹೋಗಿ ಅಂದಾಗ, ಒಬ್ರಾದ್ರೂ ಹೋಗಲ್ಲ ಅಂತೀರಿ ಅಂದ್ಕೊಂಡಿದ್ದೆ."

ಬರಲಿಲ್ಲ. ನಾನು ಒಬ್ಬನೇ ಹಿಂದಿರುಗಿದೆ.

ನಾಳೆ ಐದೇ ಗಾಡಿ ಇಳಿಯುತ್ತವೆ. ಆರನೆಯದಕ್ಕೆ ಮೇನೇಜರು ಬೇರೆ ಯಾರನ್ನೋ ಹುಡುಕುತ್ತೇನೆ ಎಂದರು, ಬೇಡ, ಅದು ಕರಿಯಪ್ಪನ ಜಾಗ ಎಂದಿದ್ದೇನೆ. ಕುಂದಾಪುರದಿಂದ ಬಂದವನೇ ಮತ್ತೆ ಸಾಗರಕ್ಕೆ ಹೋಗುತ್ತೇನೆ. ಅವನು ಬರಲ್ಲ ಎಂದರೆ ಅದರ ಮುಂದಿನ ಸಲವೂ ಹೋಗಿ ಕೇಳುತ್ತೇನೆ.