ಓಗಲಾಲಾದಲ್ಲಿ ಕತ್ತರಿಸಿದ ಪೈ

ಓಗಲಾಲಾ, ನೆಬ್ರಾಸ್ಕ
ಗುರುವಾರ

ಪ್ರೀತಿಯ ಅಕ್ಕ,

ಈ ಕಥೆ ಹೇಳಿದವನು ನಮ್ಮ ಬಸ್ಸಿನ ಚಾಲಕ ಓರ್ವಿಲ್, ನಿನ್ನೆ ಸಂಜೆ. ಹಿಮಗಾಳಿಗೆ ಹೆದ್ದಾರಿಯ ಗೇಟು ಹಾಕಿ ನಮ್ಮನ್ನೆಲ್ಲ ಈ ಊರಿನ ಚರ್ಚಿನಲ್ಲಿ ಇಳಿಸಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಒಯ್ಯುತ್ತಿದ್ದ, ಹೂರಣ ತುಂಬಿ ಬೇಯಿಸಿದ ಪೈ ಹಲವರ ತೊಡೆಯ ಮೇಲಿತ್ತು.

"ಹಿಂದೊಂದ್ಸಲ ಹೀಗೇ ಸಿಕ್ಕಿಬಿದ್ದಾಗ ಒಬ್ಳು ನಾಲ್ಕು ದಿನ ಪೈನ ಮಗು ಥರ ಕಾದ್ಲು. ಯಾರಿಗೂ ಚೂರು ಕೊಡ್ಲಿಲ್ಲ. ಮನೇಲಿ ಬಿಚ್ಚಿದ್ರೆ ಬೂಷ್ಟು!"

"ಯಾರಪ್ಪಾ ಆ ಜಿಪುಣಿ?" ಎಂದಳು ಒಬ್ಬ ಅಜ್ಜಿ.

"ನನ್ನ ಹೆಂಡ್ತಿ. ಅವಳ ಮುಂದೆ ಅನ್ಬೇಡಿ ಅಜ್ಜಿ."

ನನ್ನ ಬಗ್ಗೆ ಗಾಬರಿ ಬೇಡ, ನೆಗಡಿಯಷ್ಟೇ. ಅಮ್ಮ ಹೋದ ಮೇಲೆ ಇದು ಮೊದಲ ಹಬ್ಬವೆಂದು, ಅವಳ ಅಳತೆಯಲ್ಲೇ ನಿನಗೆ ಮಾಡಿದ್ದ ಸಿಹಿಗುಂಬಳದ ಪೈ ನಾನೂ ಬಿಗಿಹಿಡಿದಿದ್ದೆ. ಬೆಳಗ್ಗೆ ಎಲ್ಲರೂ ಡಬ್ಬಿ ಬಿಚ್ಚಿದರು. ನಾನೂ ಕತ್ತರಿಸಿದೆ. ಅಜ್ಜಿ "ಶುಂಠಿ ಜಾಸ್ತಿ" ಎನ್ನುತ್ತಲೇ ಎರಡನೆಯ ಹೋಳು ಕೇಳಿದಳು, ಥೇಟ್ ನಿನ್ನ ಹಾಗೆ.

ಬರಿಗೈಯಲ್ಲಿ ಬರುತ್ತಿರುವ ತಂಗಿ,
ಲೋರೀನ್