ಹಿಗ್ಗಿದ ಟೇಪು

ಅಂಗಡಿಯಿಂದ, ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ
ಮಂಗಳವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡು ಇಳಿಯುತ್ತೀಯೋ, ಇಲ್ಲ ಇನ್ನೂ ಹರೆಯದವಳ ಹಾಗೆ ದಡದಡ ಓಡುತ್ತೀಯೋ? ನೀನು ನೋಡಿಕೊಳ್ಳುತ್ತಿರುವ ಅಜ್ಜಿ ಈಗಲೂ ತಮ್ಮ ಹಲ್ಲಿನ ಸೆಟ್ಟನ್ನು ತಾವೇ ಬಚ್ಚಿಟ್ಟು ನಿನ್ನ ಮೇಲೆ ಕಳ್ಳತನ ಹೊರಿಸುತ್ತಾರಾ? ಹೋದ ಸಲ ಅದು ದಿಂಬಿನ ಚೀಲದೊಳಗೆ ಸಿಕ್ಕಿತು ಎಂದು ನೀನು ಹೇಳಿದಾಗ ನಕ್ಕೂ ನಕ್ಕೂ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದೆ. ಅವರಿಗೆ ನನ್ನ ನಮಸ್ಕಾರ ಹೇಳು. ನಿನ್ನಂಥವಳು ಸಿಕ್ಕಿದ್ದು ಅವರ ಅದೃಷ್ಟ. ಅದು ಅವರಿಗೆ ಗೊತ್ತಾಗುವುದು ನೀನು ರಜೆ ಹಾಕಿದ ದಿನವೇ.

ನಾನು ಚೆನ್ನಾಗಿದ್ದೇನೆ. ಪ್ರತಿ ಭಾನುವಾರ ಫೋನಿನಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದು ಈಗ ಕೈಗೂ ಅಂಟಿದೆ. ಹೊಡೆದು ಹಾಕಲಿಲ್ಲ, ಇರಲಿ ಬಿಡು. ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸುತ್ತೇನೆ, ಕೊನೆಗೆ ಇಬ್ಬರೂ ಅಜ್ಜಿಯ ಹಲ್ಲಿಗೆ ಬಂದು ನಿಲ್ಲುತ್ತೇವೆ. ಕಾಗದಕ್ಕೆ ಅಡ್ಡ ಬಾಯಿ ಹಾಕಲು ನಿನ್ನಿಂದಾಗದು. ಅಲ್ಲದೆ ನೀನು ಒಂದು ವಿಷಯ ಕೇಳಿದ್ದೆ. ಅಲ್ಲಿಯ ಅಂಗಡಿಯಲ್ಲಿ ನೀಲಿ ಉಣ್ಣೆಯ ಕೋಟು ನೋಡಿದ್ದೀಯಂತೆ, ಅಳತೆ ಕಳಿಸು ಅಂದೆ. ಟೈಲರಿಗೆ ರೆಡಿಮೇಡ್ ಕೋಟು. ಅಪ್ಪ ಇದ್ದಿದ್ದರೆ ನಮ್ಮಿಬ್ಬರ ಜೊತೆಗೂ ಮಾತು ಬಿಡುತ್ತಿದ್ದರು. ಅಳತೆಯನ್ನು ಕೊನೆಯಲ್ಲಿ ಬರೆಯುತ್ತೇನೆ, ಮೊದಲು ಅದರ ಕಥೆ ಕೇಳು.

ನಮ್ಮ ಬೀದಿಯ ತುದಿಯ ಬೇಕರಿಯವರು ಕೆಲಸದವರಿಗೆಲ್ಲ ಬಿಳಿ ಕೋಟು ಹೊಲಿಸಲು ಕೊಟ್ಟಿದ್ದರು. ಒಲೆಯ ಮುಂದಿನ ಕೆಲಸ ಬಿಟ್ಟು ಅಳತೆ ಕೊಡಲು ಯಾರೂ ಬರುವ ಹಾಗಿಲ್ಲ ಎಂದು ಮ್ಯಾನೇಜರೇ ಹೊಸ ಟೇಪು ತಂದು, ಎಲ್ಲರನ್ನೂ ಅಳೆದು, ಚೀಟಿಯಲ್ಲಿ ಬರೆದು ಕಳಿಸಿದ್ದರು. ಬ್ರೆಡ್ಡು ಅಳೆಯುವವರು ಮನುಷ್ಯರನ್ನು ಅಳೆದಿದ್ದಾರೆ ಎಂದು ನಾನು ಪಕ್ಕದ ಇಸ್ತ್ರಿ ಅಂಗಡಿಯವನಿಗೆ ತೋರಿಸಿ ನಕ್ಕಿದ್ದೆ. ಹೊಲಿದು ಕಳಿಸಿದೆ. ಮಾರನೆಯ ದಿನವೇ ಮ್ಯಾನೇಜರು ಕೋಟಿನ ಗಂಟು ಹೊತ್ತು ವಾಪಸ್ ಬಂದರು. ಒಂದು ಕೋಟು ತಾವೇ ಹಾಕಿಕೊಂಡಿದ್ದರು, ಅದು ಅವರ ಮೈಮೇಲೆ ಜೋತು ಬಿದ್ದಿತ್ತು. "ಏನು ಟೈಲರಮ್ಮ, ಒಂದೇ ವಾರದಲ್ಲಿ ನಾವೆಲ್ಲ ಇಳಿದುಹೋದ್ವಾ, ಇಲ್ಲ ನಿಮ್ಮ ಹಾಗೆ ಆಪರೇಷನ್ ಮಾಡಿಸ್ಕೊಂಡ್ವಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ನನಗೆ ರೇಗಿತು. ನಿಮ್ಮ ಅಳತೆಯೇ ತಪ್ಪು, ಇಪ್ಪತ್ತು ವರ್ಷದಿಂದ ಈ ಕೈ ತಪ್ಪಿಲ್ಲ ಎಂದು ಜೋರು ಮಾಡಿದೆ. ಅವರು ಪಾಪ ಜೇಬಿನಿಂದ ತಮ್ಮ ಟೇಪು ತೆಗೆದು ಕತ್ತರಿಸುವ ಮೇಜಿನ ಮೇಲೆ ಹಾಸಿದರು. ನಾನು ನನ್ನದನ್ನು ಅದರ ಪಕ್ಕದಲ್ಲಿ ಹಾಸಿದೆ. ಅವರ ಟೇಪಿನ ನಲವತ್ತು ಎಲ್ಲಿತ್ತೋ ಅಲ್ಲಿ ನನ್ನ ಟೇಪು ಇನ್ನೂ ಮೂವತ್ತೆಂಟೇ ಅನ್ನುತ್ತಿತ್ತು.

ಅದು ಅಪ್ಪನ ಕೊನೆಯ ಟೇಪು, ಹಳದಿ ಬಣ್ಣದ್ದು. ಅಪ್ಪನ ಪದ್ಧತಿ ನೆನಪಿದೆಯಲ್ಲ, ಟೇಪಿನ ಒಂದು ತುದಿಗೆ ಕತ್ತರಿಯ ಹಿಡಿಯ ಕಣ್ಣು ಕಟ್ಟಿ, ಇನ್ನೊಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಅಂಗಡಿ ಮುಚ್ಚುವುದು. ಬೆಳಿಗ್ಗೆ ಬಂದರೆ ಎರಡೂ ಒಂದೇ ಕಡೆ, ಹುಡುಕುವ ಗೋಳಿಲ್ಲ. ನಾನೂ ಅದನ್ನೇ ಮಾಡಿಕೊಂಡು ಬಂದೆ. ಆ ಕಬ್ಬಿಣದ ಕತ್ತರಿ ಇಷ್ಟು ವರ್ಷ ನೇತಾಡಿ ನೇತಾಡಿ ಟೇಪನ್ನು ಕೆಳಗೆ ಜಗ್ಗಿದೆ. ಅಪ್ಪ ವರ್ಷವರ್ಷ ಹೊಸ ಟೇಪು ತರುತ್ತಿದ್ದರು. ಚಪ್ಪಲಿಗೆ ಮೂರು ಸಲ ಅಟ್ಟೆ ಹಾಕಿಸುವ ಮನುಷ್ಯನಿಗೆ ಇದೊಂದು ಯಾವ ಶೋಕಿ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ಯಾಕೆ ಎಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ಹೋದ ಮೇಲೆ ಅವರ ಕೈ ಆಡಿದ ಟೇಪು ಎಂದು ನಾನು ಬದಲಿಸಲೇ ಇಲ್ಲ. ಇಷ್ಟು ದಿನ ಗೊತ್ತಾಗದೇ ಹೋದದ್ದು ಹೇಗೆ ಎಂದರೆ, ಗಿರಾಕಿಯನ್ನು ಅಳೆಯುವುದೂ ಅದರಲ್ಲೇ, ಬಟ್ಟೆ ಕತ್ತರಿಸುವುದೂ ಅದರಲ್ಲೇ. ಎರಡು ಕಡೆಯೂ ಒಂದೇ ಸುಳ್ಳು, ಬಟ್ಟೆ ಮಾತ್ರ ಸರಿಯಾಗಿ ಕೂರುತ್ತಿತ್ತು. ಬೇರೆಯವರ ಟೇಪು ನಡುವೆ ಬಂದಾಗಲೇ ಕಳ್ಳ ಸಿಕ್ಕಿಬಿದ್ದ.

ತಪ್ಪಾಯಿತು, ಎಲ್ಲವನ್ನೂ ಒಳಗೆ ಹಿಡಿದು ಹೊಲಿದುಕೊಡುತ್ತೇನೆ ಅಂದೆ. ಮ್ಯಾನೇಜರು ನಗುತ್ತಾ ತಮ್ಮ ಟೇಪನ್ನು ನನಗೇ ಇಟ್ಟುಕೊಳ್ಳಲು ಹೇಳಿ ಹೋದರು. ಅವರು ಹೊಸ್ತಿಲು ದಾಟುವವರೆಗೆ ನನಗೆ ಕೋಟಿನ ಚಿಂತೆಯೇ. ಆಮೇಲೆ ಸ್ಟೂಲಿನ ಮೇಲೆ ಕೂತಾಗ ಕೈ ತಾನಾಗಿ ನನ್ನ ಸೊಂಟದ ಮೇಲೆ ಹೋಯಿತು. ಅಕ್ಕ, ಆ ಟೇಪಿನಲ್ಲೇ ಅಲ್ಲವೇ ನಾನು ನನ್ನನ್ನೂ ಅಳೆದುಕೊಳ್ಳುತ್ತಿದ್ದದ್ದು.

ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ ಹೊಟ್ಟೆಯ ಚಿತ್ರ ಬಿಡಿಸಿ, ಇಷ್ಟು ಭಾಗ ತೆಗೆದು ಬಾಳೆಹಣ್ಣಿನಷ್ಟು ಉಳಿಸುತ್ತೇವೆ ಅಂದಾಗ ನಾನು, ಅಂದ್ರೆ ಸೈಡಿನಲ್ಲಿ ಹಿಡಿದು ಹೊಲಿಯೋದು ಅಂದಿದ್ದೆ. ಅವರು ನಕ್ಕಿದ್ದರು. ಆಮೇಲೆ ನಗು ನಿಲ್ಲಿಸಿ, "ಹಿಡಿದದ್ದು ನಿಧಾನಕ್ಕೆ ಹಿಗ್ಗಬಹುದಮ್ಮ, ತೂಕ ಮತ್ತೆ ಏರಬಹುದು. ಏರಿದ್ರೆ ಅವಿತುಕೋಬೇಡಿ, ನೇರ ನನ್ನ ಹತ್ರ ಬನ್ನಿ" ಅಂದರು. ನೀನು ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೆ. ನನಗೆ ಆಗ ಹಿಗ್ಗು ಅಂದರೆ ಸಂತೋಷವೊಂದೇ ಕೇಳಿಸುತ್ತಿತ್ತು. ಚಮಚದಲ್ಲಿ ಗಂಜಿ ಕುಡಿಸಿ, ನೆಲ ಹಿಡಿದಿದ್ದವಳನ್ನು ನಡೆಸಿ, ಮೈ ಅರ್ಧಕ್ಕೆ ಇಳಿದ ಮೇಲೆ ನೀನು ಕೆಲಸಕ್ಕೆ ದೂರ ಹೋದೆ. ಎರಡು ವರ್ಷ ಎಲ್ಲ ಸರಿಯಾಗಿತ್ತು. ಗಿರಾಕಿಗಳು ನನ್ನನ್ನು ನನ್ನದೇ ತಂಗಿ ಎಂದುಕೊಂಡು, ಆ ದಪ್ಪ ಟೈಲರಮ್ಮ ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಗುಂಡಿ ಎಂದು ಕರೆಯುವವರೇ ಇಲ್ಲವಾದರು. ಚಿಕ್ಕವಳಿದ್ದಾಗ ಕೋಟಿನ ಗುಂಡಿ ನುಂಗಿದ್ದಕ್ಕೆ ನೀನಿಟ್ಟ ಹೆಸರು, ಆಮೇಲೆ ಮೈ ನೋಡಿದವರೆಲ್ಲ ಹೌದಪ್ಪಾ ಸರಿಯಾಗಿದೆ ಎಂದು ಉಳಿಸಿಕೊಂಡ ಹೆಸರು.

ಆಮೇಲೆ ಏನಾಯಿತು ಎಂದು ಹೇಳಲು ದೊಡ್ಡ ಕಥೆಯೇನಿಲ್ಲ. ಊಟ ಈಗಲೂ ನಾಲ್ಕು ತುತ್ತಿಗೆ ಮುಗಿಯುತ್ತದೆ, ಐದನೆಯದು ಗಂಟಲಲ್ಲೇ ನಿಲ್ಲುತ್ತದೆ. ಆದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿಗೆ ಯಾವ ಅಡ್ಡಿಯೂ ಇಲ್ಲ. ಅದು ಕರಗಿ ಜಾರಿಹೋಗುತ್ತದೆ, ಹೊಟ್ಟೆಗೆ ಬಂದದ್ದೇ ಗೊತ್ತಾಗುವುದಿಲ್ಲ. ಒಂದು ಕಾಲರು ಮುಗಿದರೆ ಒಂದು, ಗಿರಾಕಿ ಬಂದರೆ ಒಂದು, ಬರದಿದ್ದರೆ ಬೇಜಾರಿಗೆ ಇನ್ನೊಂದು. ನೀನು ಇದ್ದಾಗ ಕೆಲಸದ ನಡುವೆ ಮಾತಾಡುತ್ತಿದ್ದೆವು, ಈಗ ಆ ಜಾಗದಲ್ಲಿ ಬಿಸ್ಕತ್ತಿನ ಡಬ್ಬಿ ಕೂತಿದೆ. ಬಟ್ಟೆ ಬಿಗಿಯಾಯಿತು. ನೀರು ಸರಿಯಿಲ್ಲ ಅಂದೆ, ಬಟ್ಟೆ ಕುಗ್ಗಿತು ಅಂದೆ, ತಪ್ಪನ್ನು ಸೋಪಿನ ಮೇಲೂ ಹಾಕಿದೆ. ಟೇಪು ಮಾತ್ರ ಏನೂ ಆಗಿಲ್ಲ, ಹೆಚ್ಚೆಂದರೆ ಒಂದು ಬೆರಳು ಎಂದು ಸಮಾಧಾನ ಹೇಳುತ್ತಿತ್ತು, ಅಪ್ಪನ ಮಾತಿನ ಹಾಗೆ ಅದನ್ನು ನಂಬಿದೆ. ನಾನು ಇಳಿದಾಗ ನನ್ನ ಬಟ್ಟೆಗಳನ್ನೆಲ್ಲ ಹಿಡಿದೆನಲ್ಲ, ಒಳಗೆ ಮಡಿಸಿದ ಹೆಚ್ಚಿನ ಬಟ್ಟೆ ಕತ್ತರಿಸಿಬಿಡು ಎಂದು ನೀನು ಹೇಳಿದರೂ ಮನಸ್ಸು ಬರದೆ ಹಾಗೇ ಬಿಟ್ಟಿದ್ದೆ. ಒಂದೊಂದೇ ಹೊಲಿಗೆ ಬಿಚ್ಚುತ್ತಾ ಬಂದೆ. ಮೊನ್ನೆ ನೋಡಿದರೆ ಯಾವ ಬಟ್ಟೆಯಲ್ಲೂ ಬಿಡಲು ಒಳಗೆ ಇನ್ನೇನೂ ಉಳಿದಿಲ್ಲ.

ಮ್ಯಾನೇಜರು ಹೋದ ಮೇಲೆ ಬಟ್ಟೆಯ ಗಂಟುಗಳ ಅಡಿಯಿಂದ ತೂಕದ ಯಂತ್ರ ಎಳೆದು ಹತ್ತಿದೆ. ಸಂಖ್ಯೆಯೇ ಬರಲಿಲ್ಲ, ಬ್ಯಾಟರಿ ಸತ್ತಿತ್ತು. ಅದು ಸತ್ತದ್ದಕ್ಕೆ ಬದುಕಿಕೊಂಡೆ ಅಂದುಕೊಂಡೆ, ನೋಡು ನನ್ನ ಬುದ್ಧಿ. ಹೊಸ ಬ್ಯಾಟರಿ ಮುಂದಿನ ಅಂಗಡಿಯಲ್ಲೇ ಸಿಗುತ್ತದೆ, ಹೋಗಿಲ್ಲ. ಬೇಕರಿಯವರ ಟೇಪು ಮೇಜಿನ ಮೇಲೇ ಇದೆ. ಕೋಟುಗಳನ್ನೆಲ್ಲ ಅದರಲ್ಲೇ ಅಳೆದು ಹಿಡಿದುಕೊಟ್ಟೆ, ನನ್ನ ಸೊಂಟಕ್ಕೆ ಮಾತ್ರ ಸುತ್ತಿಕೊಂಡಿಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಅಲ್ಲಿ ಒಳಗೆ ಹೋಗುವ ದಾರಿಯ ಗೋಡೆಯ ಮೇಲೆ ನನ್ನದೇ ಫೋಟೋ ಹಾಕಿದ್ದಾರೆ, ಮೊದಲು ಮತ್ತು ಆಮೇಲೆ ಎಂದು. ಹೊಸದಾಗಿ ಆಪರೇಷನ್ನಿಗೆ ಬಂದವರಿಗೆ ಧೈರ್ಯ ಹೇಳಲು ನನ್ನನ್ನೇ ಕರೆಸುತ್ತಿದ್ದರು. ಆ ಗೋಡೆಯ ಕೆಳಗೆ ಯಾವ ಮುಖ ಹೊತ್ತು ನಡೆಯಲಿ ಹೇಳು.

ಆದರೆ ನನಗೆ ನಾಚಿಕೆಗಿಂತ ಹೆದರಿಕೆ ದೊಡ್ಡದು, ಅಕ್ಕ. ಯಾವ ಹೆದರಿಕೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಊಟ ಮಾಡಿ ಸ್ವಲ್ಪ ಅಡ್ಡಾಗುತ್ತೇನೆ ಎಂದು ಮಲಗಿದವಳು ಏಳಲಿಲ್ಲ. ಅವಳ ಗೊರಕೆ ನಿಂತಾಗ ನಾವಿಬ್ಬರೂ ಸದ್ಯ ನಿಂತಿತಲ್ಲ ಎಂದುಕೊಂಡು ಹೊರಗೆ ಗುಂಡಿ ಪೋಣಿಸುತ್ತಾ ಕೂತಿದ್ದೆವು. ಆಮೇಲೆ ನನಗೂ ಅದೇ ಮೈ, ಅದೇ ಗೊರಕೆ. ನನ್ನ ಉಸಿರು ನಿಲ್ಲುತ್ತದೆ ಎಂದು ಗೊತ್ತಾದ ದಿನದಿಂದ ನೀನು ನನ್ನ ಬೆನ್ನ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತಿದ್ದೆ. ನಿಂತರೆ ಗುದ್ದುತ್ತಿದ್ದೆ, "ಏ ಗುಂಡಿ, ಉಸಿರಾಡು" ಎಂದು. ಆಪರೇಷನ್ ಮಾಡಿಸಿಕೊಂಡದ್ದು ಚಂದಕ್ಕಲ್ಲ, ನೀನು ಒಂದು ದಿನವಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದು. ಮೈ ಇಳಿದಾಗ ಉಸಿರು ಕಟ್ಟುವುದೂ ತಪ್ಪಿತು. ಈಗ ಕೆಲವು ದಿನದಿಂದ ಬೆಳಿಗ್ಗೆ ಎದ್ದರೆ ತಲೆ ಭಾರ, ಬಾಯಿ ಒಣಗಿರುತ್ತದೆ, ಮಧ್ಯಾಹ್ನ ಮಿಷನ್ನಿನ ಮುಂದೆಯೇ ಕಣ್ಣು ಎಳೆಯುತ್ತದೆ. ಆಗ ಹೇಗಿತ್ತೋ ಹಾಗೆಯೇ. ಇದು ಬರೀ ದಣಿವಿರಬಹುದು ಎಂದು ನಾನೇ ನನಗೆ ಹೇಳಿಕೊಳ್ಳುತ್ತೇನೆ. ಮಲಗಲು ಹೆದರಿ ದಿಂಬು ಒರಗಿಸಿಕೊಂಡು ಕೂರುತ್ತೇನೆ, ಕೂತರೆ ಬಿಸ್ಕತ್ತಿನ ಡಬ್ಬಿ ಕೈಗೆ ಸಿಗುತ್ತದೆ. ಇದರಿಂದ ಹೊರಗೆ ಬರುವ ದಾರಿ ಒಬ್ಬಳೇ ಹುಡುಕಿದರೆ ನನಗೆ ಕಾಣುತ್ತಿಲ್ಲ.

ನೀನು ಗಾಬರಿಯಾಗಬೇಡ. ಬೈಯಬೇಕೆನ್ನಿಸಿದರೆ ಬೈಯಿ, ಆದರೆ ಅಳಬೇಡ. ಔಷಧಿ ತಪ್ಪಿಸಬೇಡ, ಮಂಡಿಗೆ ಬಿಸಿ ಶಾಖ ಕೊಟ್ಟುಕೋ, ಭಾರ ಎತ್ತಬೇಡ, ಆ ಅಜ್ಜಿಯನ್ನಂತೂ ಒಬ್ಬಳೇ ಎತ್ತಬೇಡ. ಪಕ್ಕದ ಇಸ್ತ್ರಿಯವನು ನಿನಗೆ ನಮಸ್ಕಾರ ಹೇಳಿದ್ದಾನೆ, ಅವನ ಹೆಂಡತಿ ನಿನ್ನನ್ನು ಕೇಳುತ್ತಿರುತ್ತಾಳೆ. ಎಲ್ಲಿದ್ದರೂ ಚೆನ್ನಾಗಿರು, ನಿನಗೆ ಒಳ್ಳೆಯದಾಗಲಿ.

ನಿನ್ನ,
ಗುಂಡಿ

ಇನ್ನೊಂದು ಮಾತು. ಅಕ್ಷರ ಸೊಟ್ಟಗಿದ್ದರೆ ಓದಿಕೋ, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ನನ್ನ ಹೆಸರು ಬರೆದು, ಲಕೋಟೆ ಅಂಟಿಸುವ ಮೊದಲು ಒಂದು ನಿಮಿಷ ಎಂದು ಮಿಷನ್ನಿನ ಮೇಲೆ ತಲೆಯಿಟ್ಟಿದ್ದೆ. ಕಣ್ಣು ಬಿಟ್ಟರೆ ಇಸ್ತ್ರಿಯವನು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದ, ಮುಖ ಬಿಳಿಚಿತ್ತು. "ಗೊರಕೆ ನಿಂತುಹೋಯ್ತು ಟೈಲರಮ್ಮ, ಉಸಿರೂ ನಿಂತುಹೋಯ್ತು, ಇಸ್ತ್ರಿ ಪೆಟ್ಟಿಗೆ ಶರಟಿನ ಮೇಲೇ ಬಿಟ್ಟು ಓಡಿಬಂದೆ" ಅಂದ. ಅವನ ಅಂಗಡಿಯಿಂದ ಬಟ್ಟೆ ಸುಟ್ಟ ವಾಸನೆ ಬರುತ್ತಿದೆ. ಮೊನ್ನೆಯೂ ಹೀಗೇ ಆಗಿತ್ತಂತೆ, ಹೇಳಲು ಹೆದರಿ ಸುಮ್ಮನಿದ್ದನಂತೆ. ಗುರುವಾರ ಆಸ್ಪತ್ರೆಗೆ ಹೋಗುತ್ತೇನೆ ಎಂದು ಅವನ ಮುಂದೆ ಒಪ್ಪಿಕೊಂಡಿದ್ದೇನೆ, ಅವನ ಹೆಂಡತಿ ಜೊತೆಗೆ ಬರುತ್ತಾಳೆ, ಫೋಟೋ ಮರೆಯಾಗುವ ಹಾಗೆ ಆ ಗೋಡೆಯ ಕಡೆ ಅವಳನ್ನು ನಡೆಸುತ್ತೇನೆ. ಕಾಗದವನ್ನು ಈಗಲೇ ಅಂಚೆಗೆ ಹಾಕಲು ಅವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಕೋಟಿನ ಅಳತೆ ಬರೆಯಲಿಲ್ಲ. ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಸೊಂಟಕ್ಕೆ ಸುತ್ತಿ, ಸಂಖ್ಯೆ ನೋಡದೆ, ಸರಿಯಾಗಿ ಕತ್ತರಿಸಿ ಇದರೊಳಗೆ ಮಡಿಸಿಟ್ಟಿದ್ದೇನೆ. ಕೋಟು ಬೇಡ. ಭಾನುವಾರ ಫೋನಿನಲ್ಲಿ ನಾನು ಎಂದಿನ ಹಾಗೆ ಚೆನ್ನಾಗಿದ್ದೀನಿ ಅಂತಲೇ ಅನ್ನುತ್ತೇನೆ, ಬಾಯಿಗೆ ಬೇರೆ ಬರುವುದಿಲ್ಲ. ನಂಬಬೇಡ, ಈ ಪಟ್ಟಿಯನ್ನು ನಂಬು. ಅಜ್ಜಿಯ ಮನೆಯವರಿಗೆ ಹೇಳಿ ಸ್ವಲ್ಪ ದಿನ ಬಾ ಅಕ್ಕ. ಬೆನ್ನ ಮೇಲೆ ಕೈಯಿಟ್ಟುಕೊಂಡು ಮಲಗು.